ನಗು ಯಾರ ಮೇಲೆ ಬಿತ್ತು? ಒಂದು ವಿಮರ್ಶೆಯನ್ನು ಎರಡು ಸಲ ಬರೆದ ಅನುಭವ

2022ರ ಜೂನ್‌ನಲ್ಲಿ ತೆಲುಗಿನ ‘ಅಂಟೇ ಸುಂದರಾನಿಕಿ’ ಬಂದಾಗ ನನ್ನ ಮೊದಲ ವಿಮರ್ಶೆ ಅರ್ಧ ಗಂಟೆಯಲ್ಲಿ ಮುಗಿದಿತ್ತು. ನಾನಿ ಚೆನ್ನಾಗಿ ಮಾಡಿದ್ದಾರೆ, ನಜ್ರಿಯಾ ಚೆನ್ನಾಗಿ ಮಾಡಿದ್ದಾರೆ, ಸಿನಿಮಾ ಉದ್ದ ಜಾಸ್ತಿ. ಅಷ್ಟೇ. ತುಂಬ ಜನ ವಿಮರ್ಶಕರು ಹೇಳಿದ್ದೂ ಹೆಚ್ಚು ಕಡಿಮೆ ಅದೇ. 176 ನಿಮಿಷದ ರೊಮ್ಯಾಂಟಿಕ್ ಕಾಮಿಡಿ ಅಂದರೆ ಕೈ ತಾನಾಗಿ ಗಡಿಯಾರದ ಕಡೆ ಹೋಗುತ್ತೆ, ಅಲ್ವಾ? ಹಾಗಾಗಿ ನಾನು ತಪ್ಪೇನೂ ಬರೆದಿರಲಿಲ್ಲ. ಆದರೆ ಬ್ರಾಹ್ಮಣ ಹುಡುಗ, ಕ್ರಿಶ್ಚಿಯನ್ ಹುಡುಗಿ ಮದುವೆಯಾಗಲು ಹೊರಟ ಕಥೆ ಅದು. ಆ ವಿಷಯಕ್ಕೆ ಅಂತ ನಾನು ಕೊಟ್ಟಿದ್ದು ಒಂದೇ ಸಾಲು.

ಅದು ಹೊಳೆದದ್ದು ಗೆಳತಿಯೊಬ್ಬಳ ಜೊತೆ ಎರಡನೇ ಸಲ ನೋಡಿದಾಗ. ಅವಳದೂ ಬೇರೆ ಧರ್ಮದ ಹುಡುಗನ ಜೊತೆ ಆದ ಮದುವೆ, 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ. ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಆ 30 ದಿನ ಫೋನ್ ರಿಂಗಾದರೆ ಸಾಕು, ಹೊಟ್ಟೆ ತೊಳಸುತ್ತಿತ್ತು ಅಂತ ಅವಳು ಒಮ್ಮೆ ಹೇಳಿದ್ದಳು.

ಸಿನಿಮಾದಲ್ಲಿ ಮನೆಯವರನ್ನು ಒಪ್ಪಿಸಲು ಇಬ್ಬರೂ ಒಂದೊಂದು ಸುಳ್ಳು ಕಟ್ಟುತ್ತಾರೆ. ಹುಡುಗಿ ತಾನು ಬಸುರಿ ಅನ್ನುತ್ತಾಳೆ. ಹುಡುಗ ತನಗೆ ಮಕ್ಕಳಾಗುವುದಿಲ್ಲ ಅನ್ನುತ್ತಾನೆ. ಥಿಯೇಟರ್ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಪಕ್ಕಕ್ಕೆ ತಿರುಗಿದರೆ ಗೆಳತಿ ನಗುತ್ತಿಲ್ಲ. ಪಾಪ್‌ಕಾರ್ನ್ ಡಬ್ಬಿಯ ಅಂಚನ್ನು ಚೂರು ಚೂರಾಗಿ ಹರಿಯುತ್ತಾ ಕೂತಿದ್ದಳು. ಇಂಟರ್ವಲ್‌ನಲ್ಲಿ ಮೆಲ್ಲಗೆ ಹೇಳಿದಳು: “ನಾವೂ ಸುಳ್ಳು ಹೇಳಿದ್ವಿ. ಇಷ್ಟಪಟ್ಟಿದೀನಿ ಅನ್ನೋದು ನಮ್ಮನೇಲಿ ಒಂದು ಕಾರಣಾನೇ ಅಲ್ಲ. ಅದಕ್ಕಿಂತ ದೊಡ್ಡದು ಏನಾದ್ರೂ ಬೇಕಿತ್ತು.”

ಇಡೀ ಸಿನಿಮಾದ ಜೀವ ಆ ಮಾತಿನಲ್ಲಿತ್ತು. ಪ್ರೀತಿ ಸಾಲದು, ಅದಕ್ಕೆ ಒಂದು ಕಳಂಕವೋ ಕಾಯಿಲೆಯೋ ಜೊತೆಯಾದರೆ ಮಾತ್ರ ಮನೆ ಬಗ್ಗುತ್ತದೆ. ನಾನು ಅದನ್ನು ಕಾಮಿಡಿ ಟ್ರ್ಯಾಕ್ ಅಂತ ಬರೆದು ಮುಂದೆ ಹೋಗಿದ್ದೆ.

ಅವತ್ತು ರಾತ್ರಿ ನೋಟ್‌ಬುಕ್‌ನ ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ನಗು ಬಂದ ಜಾಗ. ಬಲಕ್ಕೆ ಆ ನಗು ಯಾರ ಮೇಲೆ ಬಿತ್ತು ಅನ್ನುವುದು. ಬರೆಯುತ್ತಾ ಹೋದ ಹಾಗೆ ಕಂಡದ್ದು ಇದು: ನಗುವಿನ ಭಾರ ಜಾಸ್ತಿ ಬೀಳುವುದು ಹುಡುಗನ ಮನೆಯ ಆಚಾರದ ಮೇಲೆ. ಆದರೂ ನರೇಶ್, ರೋಹಿಣಿ ಮಾಡಿದ ಅಪ್ಪ ಅಮ್ಮ ಕಾರ್ಟೂನ್ ಆಗುವುದಿಲ್ಲ. ಅವರ ಹಟದ ಹಿಂದೆ ಭಯ ಕಾಣುತ್ತದೆ. ನಿರ್ದೇಶಕ ವಿವೇಕ್ ಆತ್ರೇಯ ಅವರಿಗೆ ಸಲ್ಲಬೇಕಾದ ದೊಡ್ಡ ಮೆಚ್ಚುಗೆ ಅದು, ನನ್ನ ಮೊದಲ ಬರಹದಲ್ಲಿ ಅದರ ಸುಳಿವೂ ಇರಲಿಲ್ಲ.

ಆ ಗೆರೆ ಎಳೆಯುವ ಅಭ್ಯಾಸ ಹಾಗೇ ಉಳಿಯಿತು. ಅದೇ ಗೆರೆ ಇಟ್ಟುಕೊಂಡು 2017ರ ‘ದಿ ಬಿಗ್ ಸಿಕ್’ ಅನ್ನು ಮತ್ತೆ ನೋಡಿದೆ. ಪಾಕಿಸ್ತಾನಿ ಮೂಲದ ಹುಡುಗ, ಅಮೆರಿಕದ ಬಿಳಿಯ ಹುಡುಗಿ. ವಿಮರ್ಶಕರು ತುಂಬಾ ಮೆಚ್ಚಿದರು, ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಆದರೆ ದಕ್ಷಿಣ ಏಷ್ಯಾ ಮೂಲದ ಕೆಲವು ಲೇಖಕಿಯರು ಬೇರೆ ಪ್ರಶ್ನೆ ಎತ್ತಿದರು. ಮಗನಿಗೆ ಹೆಣ್ಣು ನೋಡಲು ಅಮ್ಮ ಊಟಕ್ಕೆ ಕರೆಸುವ ಹುಡುಗಿಯರ ಫೋಟೋಗಳನ್ನು ನಾಯಕ ಒಂದು ಸಿಗಾರ್ ಡಬ್ಬಿಯಲ್ಲಿ ತುಂಬುತ್ತಾನೆ. ಆ ಹುಡುಗಿಯರು ಬಂದದ್ದು ಸುಮ್ನೆ ನಗಿಸಿ ಹೋಗುವುದಕ್ಕಾ? ಮೊದಲ ಸಲ ನೋಡಿದಾಗ ನನಗೆ ಆ ಡಬ್ಬಿ ಬರೀ ಜೋಕ್ ಆಗಿತ್ತು. ಬಲಗಡೆಯ ಕಾಲಂ ತುಂಬುತ್ತಾ ಹೋದ ಹಾಗೆ ಅವರು ಹೇಳಿದ್ದು ಸರಿ ಅನ್ನಿಸಿತು. ಸಿನಿಮಾ ಈಗಲೂ ನನಗೆ ಇಷ್ಟ. ಎರಡೂ ಒಟ್ಟಿಗೆ ನಿಜ ಅಂತ ಬರೆಯಲು ಧೈರ್ಯ ಬಂದದ್ದು ಅವರನ್ನು ಓದಿದ ಮೇಲೆ.

ವಿಮರ್ಶಕರೆಲ್ಲ ಒಂದೇ ದನಿಯಲ್ಲಿ ಮಾತಾಡುವಾಗ ನನಗೆ ನೆನಪಾಗುವ ನಾಟಕ ಒಂದಿದೆ. 1922ರಲ್ಲಿ ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇಗೆ ಬಂದ ಆನ್ ನಿಕೋಲ್ಸ್ ಅವರ ‘ಏಬೀಸ್ ಐರಿಷ್ ರೋಸ್’. ಯಹೂದಿ ಹುಡುಗ, ಐರಿಷ್ ಕ್ಯಾಥೊಲಿಕ್ ಹುಡುಗಿ, ಕಿತ್ತಾಡುವ ಇಬ್ಬರು ಅಪ್ಪಂದಿರು. ವಿಮರ್ಶಕರು ಜಾಡಿಸಿದರು. ‘ಲೈಫ್’ ಪತ್ರಿಕೆಯಲ್ಲಿ ರಾಬರ್ಟ್ ಬೆಂಚ್ಲಿ ವಾರವಾರವೂ ಗೇಲಿ ಮಾಡಿದರು. ನಾಟಕ ಮಾತ್ರ 2,327 ಪ್ರದರ್ಶನ ಕಂಡಿತು. ಜನ ಬಂದರು ಅಂದ ಮಾತ್ರಕ್ಕೆ ನಾಟಕ ಒಳ್ಳೆಯದಾಗಿಬಿಡಲ್ಲ. ಆದರೆ ಅಷ್ಟು ಜನ ಅಲ್ಲಿ ಏನನ್ನು ಕಂಡರು ಅಂತ ಕೇಳಿಕೊಳ್ಳುವುದೂ ವಿಮರ್ಶಕರ ಕೆಲಸವೇ.

ಕೊನೆಗೆ ವಿಮರ್ಶೆಯನ್ನು ಮೊದಲಿನಿಂದ ಬರೆದೆ. ಉದ್ದದ ತಕರಾರು ಉಳಿಯಿತು, ಆದರೆ ಕೆಳಗಿನ ಪ್ಯಾರಾಕ್ಕೆ ಇಳಿಯಿತು. ‘ಧರ್ಮ ಮೀರಿದ ಪ್ರೀತಿ’ ಅನ್ನುವ ಮಾತನ್ನು ತೆಗೆದೆ. ಮದುವೆಯಾದವರು ಏನನ್ನೂ ಮೀರಿರುವುದಿಲ್ಲ. ಮಗುವಿಗೆ ಯಾವ ಹೆಸರು, ಹಬ್ಬಕ್ಕೆ ಯಾರ ಮನೆ ಅನ್ನುವುದು ದಿನಾ ಎದುರಿಗೆ ಇರುತ್ತದೆ. ದ್ವಿತೀಯಾರ್ಧದ ತಿರುವನ್ನು ಎಲ್ಲೂ ಬಿಟ್ಟುಕೊಡಲಿಲ್ಲ.

ಪ್ರಕಟಿಸುವ ಮೊದಲು ಗೆಳತಿಗೆ ಓದಲು ಕೊಟ್ಟೆ. ನಿಧಾನವಾಗಿ ಎರಡು ಸಲ ಓದಿ ಪೆನ್ ಕೇಳಿದಳು. ಆ ಜೋಡಿ ಮನೆಯವರಿಗೆ ಮಾಡಿದ ‘ಮೋಸ’ ಅಂತ ನಾನು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಹೇಳಿದ ಸುಳ್ಳು’ ಅಂತ ಬರೆದಳು. ಬೇರೆ ಯಾವುದನ್ನೂ ಮುಟ್ಟಲಿಲ್ಲ.