ಹಕ್ಕಿಗಳ ನೀರಿನ ಬೋಗುಣಿಯನ್ನು ಶುಚಿಯಾಗಿಡುವ ಬಗೆ

ಬೇಸಿಗೆಯಲ್ಲಿ ಅಂಗಳದಲ್ಲೋ ತಾರಸಿಯ ಮೇಲೋ ಮಣ್ಣಿನ ಬೋಗುಣಿಯಿಟ್ಟು ಹಕ್ಕಿಗಳಿಗೆ ನೀರು ತುಂಬಿಸುವ ರೂಢಿ ನಮ್ಮ ಊರುಗಳಲ್ಲಿ ಸಾಕಷ್ಟು ಹರಡಿದೆ. ಆದರೆ ಪಾರಿವಾಳ, ಕಾಗೆ, ಗೊರವಂಕ, ಪಿಕಳಾರಗಳೆಲ್ಲ ಒಂದೇ ಬೋಗುಣಿಯಲ್ಲಿ ಕುಡಿದು, ಮಿಂದು, ಅದರಲ್ಲೇ ಹಿಕ್ಕೆಯನ್ನೂ ಹಾಕುವುದರಿಂದ, ಶುಚಿಗೊಳಿಸದ ನೀರು ರೋಗ ಹರಡುವ ತಾಣವಾಗುತ್ತದೆ. ಪಾರಿವಾಳಗಳ ಗಂಟಲಿನಲ್ಲಿ ಹುಣ್ಣು ಮಾಡುವ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವೂ ಇಂಥ ನೀರಿನ ಮೂಲಕ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟುತ್ತವೆ.

ಬೋಗುಣಿ ಅಗಲವಾಗಿ, ಆಳವಿಲ್ಲದೆ ಇರಬೇಕು. ನೀರು ಅಂಚಿನಲ್ಲಿ ಒಂದು ಅಂಗುಲ, ನಡುವೆ ಎರಡು ಅಂಗುಲ ನಿಂತರೆ ಸಾಕು. ಒಳಗೆ ಒಂದೆರಡು ಒರಟು ಕಲ್ಲುಗಳನ್ನಿಟ್ಟರೆ ಗುಬ್ಬಚ್ಚಿ, ಸೂರಕ್ಕಿಯಂಥ ಪುಟ್ಟ ಹಕ್ಕಿಗಳಿಗೆ ಕಾಲೂರಲು ನೆಲೆ ಸಿಗುತ್ತದೆ. ಸ್ಟೀಲ್ ಪಾತ್ರೆ ಬಿಸಿಲಿಗೆ ಕಾಯುತ್ತದೆ, ಜಾರುತ್ತದೆ, ಅದು ಬೇಡ. ನೆರಳಿರುವ ಜಾಗವನ್ನು ಆರಿಸಿ, ಆದರೆ ಹಕ್ಕಿಗಳು ಕೂರುವ ಕೊಂಬೆಯ ನೇರ ಕೆಳಗಾಗಲಿ, ಕಾಳು ಹಾಕುವ ಜಾಗದ ಪಕ್ಕದಲ್ಲಾಗಲಿ ಇಡಬಾರದು. ಬೆಕ್ಕು ಅಡಗಬಹುದಾದ ಪೊದೆಯಿಂದ ಎಂಟು ಹತ್ತು ಅಡಿಯಾದರೂ ದೂರವಿರಲಿ, ಏಕೆಂದರೆ ರೆಕ್ಕೆ ನೆನೆದ ಹಕ್ಕಿಗೆ ಥಟ್ಟನೆ ಹಾರುವುದು ಕಷ್ಟ.

ನೀರನ್ನು ಪ್ರತಿದಿನ ಚೆಲ್ಲಿ ಹೊಸದಾಗಿ ತುಂಬಿಸಬೇಕು. ಕಾಗೆಗಳು ಒಣ ರೊಟ್ಟಿ, ಮೂಳೆಗಳನ್ನು ತಂದು ನೆನೆಸಿ ಬಿಟ್ಟುಹೋಗುವ ಮನೆಗಳಲ್ಲಿ ದಿನಕ್ಕೆರಡು ಸಲವಾದರೂ ಬದಲಿಸುವುದು ಅನಿವಾರ್ಯ. ಇಷ್ಟು ಮಾಡಿದರೆ ಸೊಳ್ಳೆಯ ಕಾಟವಿಲ್ಲವೆಂದು ಹಲವರು ನಂಬಿದ್ದಾರೆ. ಆ ನಂಬಿಕೆ ಅರ್ಧ ಸರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದಾಗ ಒಡೆಯಬಲ್ಲವು. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಬೋಗುಣಿಯ ಒಳಗೋಡೆಯನ್ನು ಅಂಚಿನವರೆಗೂ ತೆಂಗಿನ ನಾರಿನಿಂದಲೋ ಗಟ್ಟಿ ಬ್ರಷ್‌ನಿಂದಲೋ ತಿಕ್ಕಲೇಬೇಕು. ಪಾಚಿಯೂ ಲೋಳೆಯೂ ಹೋಗುವುದು ಇದರಿಂದಲೇ. ಸೊಳ್ಳೆ ತಡೆಯಲೆಂದು ಸೀಮೆಎಣ್ಣೆಯನ್ನೋ ಅಡುಗೆಎಣ್ಣೆಯನ್ನೋ ಹನಿಸುವುದಂತೂ ಸರ್ವಥಾ ಕೂಡದು. ಎಣ್ಣೆ ಮೆತ್ತಿದ ಗರಿಗಳು ನೀರನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ.

ಮಾಮೂಲಿ ತಿಕ್ಕುವಿಕೆಗೆ ಸೋಪು ಬೇಕಿಲ್ಲ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಪಾಚಿ ಬೇರೂರಿದ್ದರೆ ಮಾತ್ರ, ಒಂದು ಪಾಲು ದ್ರವರೂಪದ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನಿಲ್ಲಿಸಿ, ತಿಕ್ಕಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಮತ್ತೆ ನೀರು ತುಂಬಿಸಬೇಕು. ಬ್ಲೀಚ್ ಜೊತೆ ವಿನೆಗರ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಎಚ್ಚರವಿರಲಿ. ಎರಡು ಬೋಗುಣಿಗಳಿದ್ದರೆ ಒಂದು ಒಣಗುತ್ತಿರುವಾಗ ಇನ್ನೊಂದನ್ನು ಬಳಸಬಹುದು. ಇದು ನನಗೆ ಅತ್ಯಂತ ಸುಲಭವೆನಿಸುವ ಏರ್ಪಾಡು. ಈ ಕೆಲಸದ ಬ್ರಷ್ಷನ್ನು ಅಡುಗೆಮನೆಗೆ ತರಬೇಡಿ. ಕೈಗವಸು ಹಾಕಿಕೊಳ್ಳಿ, ಕೊನೆಯಲ್ಲಿ ಕೈಗಳನ್ನು ಸೋಪಿನಿಂದ ತೊಳೆಯಿರಿ.

ಗರಿಕೆದರಿ ಮಂಕಾಗಿ ಕುಳಿತ, ನುಂಗಲಾಗದೆ ಕೊಕ್ಕಿನಿಂದ ಜೊಲ್ಲು ಸುರಿಸುವ ಹಕ್ಕಿ ಬೋಗುಣಿಯ ಬಳಿ ಕಂಡರೆ, ಅಥವಾ ಸತ್ತ ಹಕ್ಕಿ ಸಿಕ್ಕರೆ, ಕೂಡಲೇ ನೀರು ಚೆಲ್ಲಿ, ಮೇಲೆ ಹೇಳಿದಂತೆ ಬ್ಲೀಚ್‌ನಿಂದ ತೊಳೆದು, ಎರಡು ವಾರವಾದರೂ ಬೋಗುಣಿಯನ್ನು ಮಗುಚಿಡಬೇಕು. ಬಾಯಾರಿದ ಹಕ್ಕಿಗಳನ್ನು ಕಂಡು ಮನಸ್ಸು ಕರಗಿದರೂ ಆ ಅವಧಿಯಲ್ಲಿ ನೀರಿಡಬಾರದು.