ನಿಸರ್ಗ ಬಳಗದ ಹೊಣೆ ಹೊತ್ತವರಿಗೆ ಕೆಲವು ಮಾತು

ಸಭೆಯಲ್ಲಿ ಯಾರೋ ನಿಮ್ಮ ಹೆಸರು ಸೂಚಿಸಿದರು, ಉಳಿದವರು ಚಪ್ಪಾಳೆ ತಟ್ಟಿದರು, ನೀವು ಇಲ್ಲವೆನ್ನಲಾಗದೆ ಒಪ್ಪಿಕೊಂಡಿರಿ. ನನಗೂ ಹಾಗೆಯೇ ಆಯಿತು. ಬಾಗಲಕೋಟೆಯ ನವನಗರದಲ್ಲಿ ಮನೆ, ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ. ಅದರ ಜೊತೆಗೆ ಏಳು ವರ್ಷ ಜಿಲ್ಲೆಯ ಒಂದು ನಿಸರ್ಗ ಸಂರಕ್ಷಣಾ ಬಳಗವನ್ನು ಮುನ್ನಡೆಸಿದೆ. ಈಚೆಗೆ ಹೊಣೆಯನ್ನು ಮತ್ತೊಬ್ಬರಿಗೆ ಒಪ್ಪಿಸಿದಾಗ ಅವರ ಮುಂದೆ ಕುಳಿತು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಹೊಸ ಕಾರ್ಯಕ್ರಮ ಯಾವುದನ್ನೂ ಘೋಷಿಸಬೇಡಿ. ಹಳೆಯ ದಾಖಲೆಗಳು ಎಲ್ಲಿವೆ ಎಂದು ಹುಡುಕಿ. ನಾನು ಬಂದಾಗ ನನಗಿಂತ ಹಿಂದಿನವರಿಗೆ ದೂರದ ಊರಿಗೆ ವರ್ಗವಾಗಿತ್ತು. ನಾಲ್ಕು ಜನವರಿಗಳ ಹಕ್ಕಿ ಎಣಿಕೆ ಅವರ ಮೊಬೈಲಿನಲ್ಲಿತ್ತು, ಮೊಬೈಲ್ ಕೆಟ್ಟಿತ್ತು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರ ಬೆಲೆಯಿರುವುದು ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ, ವರ್ಷವರ್ಷವೂ ಎಣಿಸುವುದರಲ್ಲಿ. ನಾಲ್ಕು ವರ್ಷ ಬಿಟ್ಟುಹೋದ ಮೇಲೆ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹೆಚ್ಚಾದವೋ ಕಡಿಮೆಯಾದವೋ ಎಂದು ಪತ್ರಕರ್ತರು ಕೇಳಿದಾಗ ನಮ್ಮಲ್ಲಿ ಉತ್ತರವೇ ಇರಲಿಲ್ಲ. ಆ ಬೇಸರ ನನಗೆ ಇಂದಿಗೂ ಹೋಗಿಲ್ಲ. ಅಂದಿನಿಂದ ಪ್ರತಿ ಎಣಿಕೆಯನ್ನೂ ದಪ್ಪ ರಟ್ಟಿನ ಖಾತೆ ಪುಸ್ತಕದಲ್ಲಿ ಬರೆಸಿ, ಅದೇ ಸಂಜೆ ಇಬ್ಬರು ಬೇರೆ ಬೇರೆ ಮನೆಯವರು ಫೋಟೋ ತೆಗೆದಿಟ್ಟುಕೊಳ್ಳುವ ಪದ್ಧತಿ ಮಾಡಿದೆವು.

ನೋಂದಣಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು, ಕನಿಷ್ಠ ಏಳು ಸದಸ್ಯರು ಬೇಕು. ಪ್ರತಿ ವರ್ಷ ಸರ್ವಸಾಧಾರಣ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರೂ ಒಂದೇ ಮನೆಯವರಾಗುವುದು ಬೇಡ. ಹತ್ತು ರೂಪಾಯಿಯ ಚಹಾಕ್ಕೂ ಚೀಟಿ ಇಡಿ.

ಇನ್ನು ನಿಜವಾದ ಕೆಲಸ. ನನ್ನ ಮೊದಲ ಹಕ್ಕಿ ವೀಕ್ಷಣೆಗೆ ನಲವತ್ತೆರಡು ಜನ ಬಂದರು, ಎರಡನೆಯದಕ್ಕೆ ಒಂಬತ್ತು. ಬಾರದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಹೆಣ್ಣುಮಕ್ಕಳು ಹೇಳಿದ ಕಾರಣ ಒಂದೇ: ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಹನ್ನೊಂದರವರೆಗೆ ಶೌಚಾಲಯವಿಲ್ಲ. ನಾನೂ ಹೆಣ್ಣಾಗಿ ಅದನ್ನು ಮೊದಲೇ ಯೋಚಿಸಬೇಕಿತ್ತು. ಅಂದಿನಿಂದ ದಾರಿಯಲ್ಲಿ ಒಂದು ಶಾಲೆಯನ್ನೋ ಪೆಟ್ರೋಲ್ ಬಂಕನ್ನೋ ಮೊದಲೇ ಮಾತಾಡಿ ಗೊತ್ತುಮಾಡಿಕೊಂಡೆವು. ಮಿಕ್ಕವರು ಹೇಳಿದ್ದು ಬೇರೆ: ದುರ್ಬೀನು ಇದ್ದ ನಾಲ್ಕು ಜನ ಮುಂದೆ ನಿಂತು ನೋಡಿದರು, ತಾವು ಹಿಂದೆ ನಿಂತು ಅವರ ಬೆನ್ನು ನೋಡಿದೆವು ಎಂದು.

ಅದಕ್ಕೆ ಕಂಡುಕೊಂಡ ಪರಿಹಾರ ಎಣಿಕೆಯೇ. ಬಂದವರಿಗೆಲ್ಲ ಒಂದೊಂದು ಕೆಲಸ ಕೊಡಿ. ಒಬ್ಬರು ಗಡಿಯಾರ ನೋಡಲಿ, ಒಬ್ಬರು ಬರೆಯಲಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ನೀರಿನಂಚಿನಲ್ಲಿ ದೊಡ್ಡ ಗುಂಪು ಕಂಡಾಗ ಒಂದೊಂದಾಗಿ ಎಣಿಸಲು ಹೋಗಬೇಡಿ. ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿಗಳನ್ನು ಎಣಿಸಿ, ಆ ಹತ್ತು ಎಷ್ಟು ಅಗಲಕ್ಕೆ ಹರಡಿವೆ ಎಂದು ಕಣ್ಣಿನಲ್ಲಿ ಹಿಡಿದುಕೊಳ್ಳಿ. ಸೇರಿನಿಂದ ಜೋಳ ಅಳೆಯುವಂತೆ ಆ ಅಗಲವನ್ನು ಗುಂಪಿನ ಉದ್ದಕ್ಕೂ ಇಡುತ್ತಾ ಹೋಗಿ: ಹತ್ತು, ಇಪ್ಪತ್ತು, ಮೂವತ್ತು. ಇಬ್ಬರ ಲೆಕ್ಕ ತೀರಾ ಬೇರೆಯಾದರೆ ಮತ್ತೊಮ್ಮೆ ಎಣಿಸಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಎಣಿಸಿ 340 ಎಂದಳು, ಇಪ್ಪತ್ತು ವರ್ಷದ ಅನುಭವವಿದ್ದ ಹಿರಿಯರು 360 ಎಂದರು. ಆ ಹುಡುಗಿ ಮುಂದಿನ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಜಾಗದ ಲೆಕ್ಕವನ್ನು ನೀರಿನ ಮಟ್ಟದ ಜೊತೆಗೇ ಬರೆಯಿರಿ. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿ ನಿಂತಾಗ ರಾಜಹಂಸಕ್ಕೆ (ಫ್ಲೆಮಿಂಗೊ) ಕಾಲೂರಲು ತೆಳುನೀರೇ ಸಿಗುವುದಿಲ್ಲ. ನೀರು ಇಳಿಯುತ್ತಾ ಬಂದಂತೆ ಹೆರಕಲ್ ಕಡೆಯ ಕೆಸರು ಬಯಲುಗಳು ತೆರೆಯುತ್ತವೆ, ಆಗ ಅವು ತಲೆ ಕೆಳಗೆ ಮಾಡಿ ಕೊಕ್ಕಿನಿಂದ ಸೋಸಿ ತಿನ್ನುವುದನ್ನು ನೋಡಬಹುದು. ಒಂದು ವರ್ಷ ಹಕ್ಕಿ ಕಡಿಮೆ ಕಂಡರೆ ನೀರು ತಡವಾಗಿ ಇಳಿಯಿತೇ ಎಂದು ಮೊದಲು ನೋಡಿ, ಆಮೇಲೆ ಗಾಬರಿಯಾಗಿ.

ಅದೇ ಬಯಲಿನಲ್ಲಿ ಜನರೂ ಇದ್ದಾರೆ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ನೀರು ಇಳಿದ ನೆಲವನ್ನು ಉತ್ತು ಕಡಲೆ ಬಿತ್ತುತ್ತಾರೆ, ಹಕ್ಕಿಗಳನ್ನು ಓಡಿಸುತ್ತಾರೆ ಎಂದು ಮೊದಲ ವರ್ಷವೇ ಮನವಿ ಪತ್ರ ಬರೆದು ಪತ್ರಿಕೆಗೂ ಕೊಟ್ಟೆ. ವಾರದ ನಂತರ ಅಲ್ಲಿಗೆ ಹೋದಾಗ ವಯಸ್ಸಾದ ರೈತರೊಬ್ಬರು ನನ್ನನ್ನು ಕರೆದುಕೊಂಡು ಹೋಗಿ ಒಂದು ಕಲ್ಲಿನ ತಳಪಾಯ ತೋರಿಸಿದರು. ಅದು ಅವರ ಮನೆ. ಅಣೆಕಟ್ಟಿನ ನೀರಿಗೆ ಊರು ಮುಳುಗಿತು, ಬೇಸಿಗೆಯಲ್ಲಿ ಮಾತ್ರ ಹೊಸ್ತಿಲು ಕಾಣುತ್ತದೆ. ಅವರು ಸಿಟ್ಟು ಮಾಡಲಿಲ್ಲ. ‘ಹಕ್ಕಿ ನಮಗಿಂತ ಮೊದಲೇ ಬಂದಿತ್ತೇನಮ್ಮ’ ಎಂದು ಕೇಳಿದರು, ಅಷ್ಟೇ. ಮುಳುಗಡೆಯ ಜಿಲ್ಲೆಯಲ್ಲಿ ಬಳಗ ನಡೆಸುವವರು ಮನವಿ ಬರೆಯುವ ಮೊದಲು ಆ ನೆಲದ ಹಿಂದಿನ ಕಥೆ ಕೇಳಲೇಬೇಕು. ಮರುವರ್ಷ ಅದೇ ರೈತರ ಜೊತೆ ಕುಳಿತು, ಹೆಬ್ಬಾತುಗಳು ಮೇಯುವ ಅಂಚನ್ನು ಕೊನೆಗೆ ಬಿತ್ತುವಂತೆ ಮಾತಾಡಿಕೊಂಡೆವು. ಎಲ್ಲರೂ ಒಪ್ಪಲಿಲ್ಲ. ಒಪ್ಪಿದವರು ಬಿಟ್ಟ ಜಾಗದಲ್ಲಿ ಹೆಬ್ಬಾತುಗಳು ಮೇಯ್ದವು, ನಮಗೆ ಅಷ್ಟು ಸಾಕಾಗಿತ್ತು.

ಜನರನ್ನು ಕರೆದುಕೊಂಡು ಹೋಗುವಾಗ ಕಾಲಿನ ಕೆಳಗೆ ನೋಡಲು ಕಲಿಸಿ. ಒಮ್ಮೆ ಏಪ್ರಿಲ್‌ನಲ್ಲಿ ಟಿಟ್ಟಿಭ ಹಕ್ಕಿಯೊಂದು ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತಿತು. ನಿಂತು ನೋಡಿದರೆ ಮುಂದಿನವನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆಗಳು, ಚೂಪು ತುದಿ ಒಳಗೆ ಮಾಡಿ, ಗರಸಿನ ಹರಳುಗಳ ನಡುವೆ ಹರಳಿನದೇ ಬಣ್ಣದಲ್ಲಿ. ಗೂಡು ಎಂಬುದೇ ಇಲ್ಲ, ನೆಲದಲ್ಲೊಂದು ತಗ್ಗು. ಫೋಟೋ ತೆಗೆಯಲು ಎಲ್ಲರೂ ಬಾಗಿದರು, ನಾನು ಹಿಂದೆ ಸರಿಸಿದೆ. ಆ ಬಿಸಿಲಿನಲ್ಲಿ ತಾಯಿ ಹಕ್ಕಿ ಹತ್ತು ನಿಮಿಷ ದೂರವಿದ್ದರೂ ಮೊಟ್ಟೆ ಬೆಂದುಹೋಗಬಹುದು. ಗೂಡಿನ ಚಿತ್ರವನ್ನು ಬಳಗದ ಗುಂಪಿನಲ್ಲಿ ಹಾಕಬಾರದೆಂದು ಅಂದೇ ನಿಯಮ ಮಾಡಿದೆವು.

ಸರ್ಕಾರದ ಜೊತೆಗಿನ ವ್ಯವಹಾರದಲ್ಲಿ ಗಡಿಗಳನ್ನು ಮೊದಲು ತಿಳಿದುಕೊಳ್ಳಿ. 1997ರಲ್ಲಿ ಬಾಗಲಕೋಟೆ ವಿಜಯಪುರದಿಂದ ಬೇರೆಯಾಯಿತು, ಹಿನ್ನೀರು ಮಾತ್ರ ಎರಡೂ ಜಿಲ್ಲೆಗಳಲ್ಲಿ ಹರಡಿದೆ. ಪತ್ರದ ಪ್ರತಿ ಎರಡೂ ಕಡೆ ಹೋಗಬೇಕು. ಬೀಳಗಿ ಕಡೆಯ ಯಡಹಳ್ಳಿ ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ವನ್ಯಧಾಮ 2016ರಲ್ಲಿ ಘೋಷಣೆಯಾಯಿತು, ಅದರೊಳಗೆ ಹೋಗಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೇಳಿ, ಬಾಯಿಮಾತಿನ ಅನುಮತಿಯನ್ನು ನೆಚ್ಚಬೇಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅನೇಕ ಕಡೆ ಅದು ಕಾಗದದ ಮೇಲಿರುತ್ತದೆ. ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರ ಬರೆದಿಡುವ ಅದರ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ತೋರಿಸಿ ಎಂದು ವಿನಯದಿಂದ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ಆದರೆ ಅರ್ಜಿಗಿಂತ ಮೊದಲು ಒಂದು ಸಲ ಖುದ್ದಾಗಿ ಹೋಗಿ ಬನ್ನಿ. ನಮ್ಮ ಬಹುಪಾಲು ಕೆಲಸಗಳು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತೇ ಆದವು.

ದಿನಾಂಕ ಗೊತ್ತುಮಾಡುವಾಗ ಪಂಚಾಂಗ ಎದುರಿಗಿರಲಿ. ಎಳ್ಳಮಾವಾಸ್ಯೆಗೆ ಎಲ್ಲರೂ ಚರಗ (ಭೂತಾಯಿಗೆ ಅರ್ಪಿಸುವ ಅಡುಗೆಯ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಸಂಕ್ರಾಂತಿಗೆ ಕೂಡಲಸಂಗಮದ ದಾರಿಯಲ್ಲಿ ವಾಹನ ಸಾಗುವುದಿಲ್ಲ. ಬುತ್ತಿಯ ಖರ್ಚು ಬಳಗಕ್ಕೆ ಬೇಡ: ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲರ ಮನೆಯಲ್ಲೂ ಇರುತ್ತದೆ, ಹಂಚಿ ತಿಂದರಾಯಿತು.

ಕೊನೆಯದಾಗಿ, ಬಂದ ವರ್ಷವೇ ಬಿಡುವ ವರ್ಷವನ್ನೂ ಹೇಳಿಬಿಡಿ. ನಾನು ಐದು ಎಂದಿದ್ದೆ, ಏಳಾಯಿತು. ಆ ಎರಡು ವರ್ಷಗಳಲ್ಲಿ ನನಗೆ ದಣಿವಾಗಿತ್ತು, ಹೊಸಬರಿಗೆ ಜಾಗ ಸಿಗಲಿಲ್ಲ. ನಿಮ್ಮ ನಂತರ ಬರಬಹುದಾದ ಇಬ್ಬರನ್ನು ಮೊದಲೇ ಗುರುತಿಸಿ, ಕಚೇರಿಗೆ ಹೋಗುವಾಗ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಅಧಿಕಾರಿಗಳಿಗೆ ಅವರ ಮುಖ ಪರಿಚಯವಾಗಲಿ. ನಾನು ಹಸ್ತಾಂತರಿಸಿದ್ದು ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಏಳು ಖಾತೆ ಪುಸ್ತಕ, ಪಾಸ್‌ಬುಕ್, ಎರಡು ದುರ್ಬೀನು, ಮೀನುಗಾರರ ಮತ್ತು ರೈತರ ಫೋನ್ ಸಂಖ್ಯೆಗಳ ಪುಟ್ಟ ಪುಸ್ತಕ ಇದ್ದವು. ಬೀಗದ ಎರಡನೆಯ ಕೀಲಿ ಖಜಾಂಚಿಯ ಮನೆಯಲ್ಲಿದೆ.