ಒಂದೇ ಸ್ವಿಚ್ಚಿಗೆ ಬಚ್ಚಲ ಲೈಟು, ಎಕ್ಸಾಸ್ಟ್ ಫ್ಯಾನು: ನನ್ನ ಅನುಭವ

ಎಕ್ಸಾಸ್ಟ್ ಫ್ಯಾನನ್ನೂ 12 ವೋಲ್ಟಿನ ಎಲ್‌ಇಡಿಯನ್ನೂ ಒಂದೇ ಸ್ವಿಚ್ಚಿಗೆ ಕೊಡುತ್ತೇನೆ ಅಂದಾಗ ಜೊತೆಯ ವೈರ್‌ಮನ್‌ಗಳೇ ನಂಬಲಿಲ್ಲ. ಡ್ರೈವರ್ (230 ವೋಲ್ಟನ್ನು ಎಲ್‌ಇಡಿಗೆ ಬೇಕಾದ 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಉಳಿಯಲ್ಲ ಅಂದರು. ಕಾರವಾರದ ಕೋಡಿಬಾಗದ ಆ ಮನೆಯಲ್ಲಿ ಅದು ಮಳೆಗಾಲ ದಾಟಿ ಇನ್ನೂ ಓಡುತ್ತಿದೆ.

ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಅಲ್ಲಿದ್ದ ಹಳೇ ವೈರಿಂಗಿನಲ್ಲಿ ಫ್ಯಾನ್, ಡ್ರೈವರ್ ಎರಡೂ ಪ್ಯಾರಲಲ್, ಅಂದರೆ ಅದೇ ಎರಡು ವೈರಿಗೆ ಅಕ್ಕಪಕ್ಕ. ಸ್ವಿಚ್ ಆರಿಸಿದಾಗಲೆಲ್ಲ ಮೋಟರ್ ಕಾಯಿಲಿನ ಒದೆತ, ಅಂದರೆ ಕ್ಷಣಮಾತ್ರ ಏರುವ ವೋಲ್ಟೇಜು, ನೇರ ಡ್ರೈವರಿಗೆ. ₹90ರ ಡ್ರೈವರ್‌ಗಳು ಒಂದರ ಹಿಂದೆ ಒಂದು ಸುಟ್ಟು, ಮನೆಯವರಿಗೆ ಹತ್ತಿರ ಹತ್ತಿರ ₹500 ದಂಡ. ಅದರ ಮೇಲೆ ಲೈಟ್ ಆರಿದ ಕೂಡಲೇ ಫ್ಯಾನೂ ನಿಂತು, ಹಬೆ ಒಳಗೇ ಉಳಿದು ಸ್ಲ್ಯಾಬಿಗೆಲ್ಲ ಬೂಸ್ಟು.

ನಾನು ಆಫ್-ಡಿಲೇ ಟೈಮರ್ (ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವಂಥದ್ದು) ಹಾಕಿದೆ. ಅದಕ್ಕೆ ಖಾಯಂ ಫೇಸ್, ನ್ಯೂಟ್ರಲ್. ಸ್ವಿಚ್ಚಿನ ಫೇಸ್ ಟೈಮರಿಗೆ ಸೂಚನೆ ಕೊಡುವ ಟ್ರಿಗರಿಗೂ ಡ್ರೈವರಿಗೂ ಹೋಗುತ್ತದೆ. ಫ್ಯಾನ್ ಮಾತ್ರ ಟೈಮರಿನ ಔಟ್‌ಪುಟ್ಟಿನಲ್ಲಿ. ಲೈಟ್ ತಕ್ಷಣ ಆರುತ್ತದೆ, ಫ್ಯಾನ್ ಸುಮಾರು 15 ನಿಮಿಷ ಓಡಿ ನಿಲ್ಲುತ್ತದೆ. ಫ್ಯಾನಿನ ಎರಡು ವೈರುಗಳ ನಡುವೆ ಆ ಒದೆತ ಹೀರುವ ಒಂದು ಸ್ನಬ್ಬರ್: ಸಾಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ಎಕ್ಸ್2 ದರ್ಜೆಯದೇ (ಮನೆಯ ಕರೆಂಟಿಗೆ ನೇರ ಜೋಡಿಸಲೆಂದೇ ಮಾಡಿದ್ದು) ಬೇಕು. ಹಳೇ ಬೋರ್ಡಿನಲ್ಲಿ ನ್ಯೂಟ್ರಲ್ ಇರಲಿಲ್ಲ. ಪೈಪಿನಲ್ಲಿ ಹೊಸ ವೈರ್ ಎಳೆಯುವುದಕ್ಕೇ ಅರ್ಧ ದಿನ ಹೋಯಿತು.

ಡ್ರೈವರ್ ಬಚ್ಚಲ ಹೊರಗೆ, ಅಟ್ಟದ ಮೇಲೆ. ಒಳಗೆ ಲೈಟಿಗೆ ಬರುವುದು 12 ವೋಲ್ಟ್ ಮಾತ್ರ. ಫ್ಯಾನ್ 230 ವೋಲ್ಟಿನದ್ದೇ, ಹಾಗಾಗಿ ನೀರು ಎರಚದಷ್ಟು ಮೇಲೆ, ಅರ್ಥ್ ಸಮೇತ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದೆ ನಾನು ಕೆಲಸಕ್ಕೇ ಕೈ ಹಾಕುವುದಿಲ್ಲ.

ನಮ್ಮಲ್ಲಿ ನಿಜವಾದ ಶತ್ರು ಉಪ್ಪುಗಾಳಿ. ಬಿಚ್ಚಿದ ಹಳೇ ಕನೆಕ್ಟರ್‌ಗಳ ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಜಾಯಿಂಟಿಗೆ ನಾನು ಹಚ್ಚುವ ಗ್ರೀಸಿನ ಮಿಶ್ರಣ ನನ್ನದೇ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಶ್ಚಿಮದ ಗೋಡೆಗೆ ಫ್ಯಾನ್ ಇಡಬೇಡಿ, ಜೂನ್ ಜುಲೈಯಲ್ಲಿ ಗಾಳಿ ಮಳೆ ಎರಡೂ ಒಳಗೆ. ನಾನು ಪೂರ್ವದ ಚಿರೇಕಲ್ಲಿನ ಗೋಡೆ ಕೊರೆದೆ.

ನಡುವೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಹಾಕಿಯೂ ನೋಡಿದೆ. 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇದ್ದರೆ ಕರೆಂಟ್ ಹೋದಾಗಲೂ ಓಡುತ್ತದೆ, ಸದ್ದೇ ಇಲ್ಲ. ಆದರೆ ಹಬೆ ಎಳೆಯುವ ದಮ್ಮಿಲ್ಲ, ಮಳೆಗಾಲ ಮುಗಿಯುವಷ್ಟರಲ್ಲಿ ಬೇರಿಂಗ್ ಹಿಡಿದುಕೊಂಡಿತು.

6 ಇಂಚಿನ ಫ್ಯಾನ್, ಟೈಮರ್, ₹350ರ ಒಳ್ಳೆ ಡ್ರೈವರ್, ಲೈಟ್, ವೈರ್ ಸೇರಿ ₹3,000ದ ಆಸುಪಾಸು, ಕೂಲಿ ಬೇರೆ. ಬಾಗಿಲ ಕೆಳಗೆ ಒಂದು ಬೆರಳು ಸಂದಿ ಬಿಡಿ. ಒಳಗೆ ಗಾಳಿ ಬರದಿದ್ದರೆ ಫ್ಯಾನ್ ಎಳೆಯುವುದಾದರೂ ಏನನ್ನು, ಅಲ್ವಾ?